ಹಸಿರು ಗುರುತು ನಂಬಿ ಕೊಂಡ ನನ್ನ ಮೊದಲ ಗೇಮಿಂಗ್ ಪಿಸಿ: ದೂರು ಪತ್ರ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕಂಪ್ಯೂಟರ್ ಬಿಡಿಭಾಗಗಳ ಮಾರಾಟ ಮತ್ತು ಸಲಹೆ ಸೇವೆ.

ವಿಷಯ: ನಿಮ್ಮ ಸಲಹೆಗಾರರು ಬದಲಾಯಿಸಿಕೊಟ್ಟ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮತ್ತು ಮಾನಿಟರ್ ವಾಪಸ್ ತೆಗೆದುಕೊಳ್ಳುವ ಬಗ್ಗೆ.

ಮಾನ್ಯರೇ,

ಹೋದ ತಿಂಗಳು ನನ್ನ ಮೊದಲ ಗೇಮಿಂಗ್ ಪಿಸಿಗೆ ಬೇಕಾದ ಎಲ್ಲ ಭಾಗಗಳನ್ನೂ ನಿಮ್ಮಲ್ಲೇ ಕೊಂಡೆ. ಆಮೇಲೆ ಎರಡು ಸಲ ಫೋನ್ ಮಾಡಿದ್ದೇನೆ, ಮೂರು ಸಲ ಚಾಟ್‌ನಲ್ಲಿ ಬರೆದಿದ್ದೇನೆ. ಪ್ರತಿ ಸಲವೂ ಸಿಕ್ಕ ಉತ್ತರ ಒಂದೇ. "ಭಾಗಗಳೆಲ್ಲ ಒಂದಕ್ಕೊಂದು ಹೊಂದುತ್ತವೆ. ಪೆಟ್ಟಿಗೆ ತೆರೆದಿದ್ದೀರಿ. ವಾಪಸ್ ತಗೊಳ್ಳೋಕೆ ಆಗಲ್ಲ." ಅದಕ್ಕೇ ಈಗ ಕೂತು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕೊನೆವರೆಗೂ ಓದಿ.

ನಾನು ಏನೂ ಗೊತ್ತಿಲ್ಲದೆ ನಿಮ್ಮ ಹತ್ತಿರ ಬಂದವನಲ್ಲ. ನಾಲ್ಕು ತಿಂಗಳು ಓದಿ, ಗೊತ್ತಿದ್ದವರನ್ನು ಕೇಳಿ, ಒಂದು ಪಟ್ಟಿ ಮಾಡಿಕೊಂಡಿದ್ದೆ. ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 27 ಇಂಚಿನ 1440ಪಿ (2560×1440 ಪಿಕ್ಸೆಲ್), ಐಪಿಎಸ್ ಅನ್ನುವ ಬಗೆಯ ಪ್ಯಾನೆಲ್ ಇರುವ ಮಾನಿಟರ್. ನಿಮ್ಮ ಸಲಹೆ ಸೇವೆಗೆ ನಾನು ಕೇಳಿದ್ದು ಇಷ್ಟೇ: "ಇದರಲ್ಲಿ ಏನಾದರೂ ತಪ್ಪಿದೆಯಾ?" ಚಾಟ್‌ನ ಶುರುವಿನಲ್ಲೇ ಬರೆದಿದ್ದೆ. ಇದು ನನ್ನ ಮೊದಲ ಬಿಲ್ಡ್. ಜಾಸ್ತಿ ಆಡೋದು ಕಥೆ ಇರುವ ದೊಡ್ಡ ಓಪನ್ ವರ್ಲ್ಡ್ ಆಟಗಳನ್ನು. ಆಡೋದು ರಾತ್ರಿ, ದೀಪ ಆರಿಸಿಕೊಂಡು. ಮಾನಿಟರ್ ನನ್ನ ಕಣ್ಣಿಂದ ಎರಡೂವರೆ ಅಡಿ ದೂರದಲ್ಲಿರುತ್ತದೆ.

ಅರ್ಧ ಗಂಟೆಯಲ್ಲಿ ಆ ಪಟ್ಟಿಯ ನಾಲ್ಕು ಸಾಲು ಬದಲಾದವು. 5600 ಹೋಗಿ 5500 ಬಂತು. "ಎರಡೂ ಆರು ಕೋರ್, ಹನ್ನೆರಡು ಥ್ರೆಡ್. ಸುಮ್ನೆ ಯಾಕೆ ಜಾಸ್ತಿ ಕೊಡ್ತೀರಿ?" ಅಂದರು. ಬಿ550 ಹೋಗಿ ಬಿ450 ಬಂತು. ಎರಡು ಸ್ಟಿಕ್ ಬದಲು 16 ಜಿಬಿಯ ಒಂದೇ ಸ್ಟಿಕ್ ಬಂತು. ಹೀಗೆ ಉಳಿದ ಹಣವನ್ನೆಲ್ಲ 32 ಇಂಚಿನ, ಬಾಗಿದ, ವಿಎ ಅನ್ನುವ ಬೇರೆ ಬಗೆಯ ಪ್ಯಾನೆಲ್ ಇರುವ ಮಾನಿಟರ್ ಮೇಲೆ ಹಾಕಿಸಿದರು. "165 ಹರ್ಟ್ಜ್, 1 ಮಿಲಿಸೆಕೆಂಡ್, ಎಚ್‌ಡಿಆರ್. ಥಿಯೇಟರ್‌ನಲ್ಲಿ ಕೂತ ಹಾಗಿರುತ್ತೆ." ಅಂದರೆ ಸೆಕೆಂಡಿಗೆ 165 ಸಲ ಬದಲಾಗುವ ಚಿತ್ರ, ಬೇಗ ಬಣ್ಣ ಬದಲಿಸುವ ಪಿಕ್ಸೆಲ್, ಬೆಳಕು-ಕತ್ತಲಿನ ಹೆಚ್ಚು ವ್ಯತ್ಯಾಸ ಅಂತ ನನಗೆ ಅರ್ಥವಾಯಿತು. ಕೊನೆಗೆ ನಿಮ್ಮ ಪುಟದಲ್ಲಿ ಹಸಿರು ಗುರುತು ಮೂಡಿತು. ಕೆಳಗೆ "ಹೊಂದಾಣಿಕೆ ಪರಿಶೀಲಿಸಲಾಗಿದೆ" ಅಂತ ಬರೆದಿತ್ತು. ಮೊದಲ ಸಲ ಪಿಸಿ ಕಟ್ಟುವವನಿಗೆ ಆ ಗುರುತು ಎಷ್ಟು ಧೈರ್ಯ ಕೊಡುತ್ತದೆ ಅಂತ ನಿಮಗೆ ಗೊತ್ತಿರಬೇಕು. ನಾನು ಅಲ್ಲೇ ಹಣ ಕಟ್ಟಿದೆ.

ಭಾಗಗಳು ಬಂದ ದಿನವೇ ಜೋಡಿಸಿದೆ. ಪವರ್ ಬಟನ್ ಒತ್ತಿದೆ. ಫ್ಯಾನ್‌ಗಳು ತಿರುಗಿದವು, ದೀಪ ಹತ್ತಿತು. ಸ್ಕ್ರೀನ್ ಮೇಲೆ ಮಾತ್ರ ಏನೂ ಬರಲಿಲ್ಲ.

ಮೂರು ದಿನ ಅದೇ ಕಪ್ಪು ಸ್ಕ್ರೀನ್. ನನ್ನದೇ ತಪ್ಪು ಅಂದುಕೊಂಡೆ. ರ‍್ಯಾಮ್ ತೆಗೆದು ಹಾಕಿದೆ. ಎಲ್ಲ ವೈರ್ ಬಿಚ್ಚಿ ಮತ್ತೆ ಜೋಡಿಸಿದೆ. ನಿಮ್ಮ ಸಹಾಯವಾಣಿಯವರು "ಪ್ರೊಸೆಸರ್ ಪಿನ್ ಬಗ್ಗಿಸಿರ್ತೀರಿ, ಅದು ವಾರಂಟಿಗೆ ಬರಲ್ಲ" ಅಂದರು. ಕೂಲರ್ ಬಿಚ್ಚಿ, ಪೇಸ್ಟ್ ಒರೆಸಿ, ಪ್ರೊಸೆಸರ್ ಕೈಯಲ್ಲಿ ಹಿಡಿದು, ಮೊಬೈಲ್ ಟಾರ್ಚ್ ಬಿಟ್ಟು 1331 ಪಿನ್‌ಗಳ ಒಂದೊಂದು ಸಾಲನ್ನೂ ನೋಡಿದೆ. ಒಂದೂ ಬಗ್ಗಿರಲಿಲ್ಲ. ಫೋಟೋ ತೆಗೆದು ಕಳಿಸಿದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಕಾರಣ ಏನು ಅಂತ ನಾನೇ ಹುಡುಕಿಕೊಳ್ಳಬೇಕಾಯ್ತು. ಬಿ450 ಬೋರ್ಡ್‌ಗಳು ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ರೈಜನ್ 5 5500 ಬಂದದ್ದು 2022ರ ಏಪ್ರಿಲ್‌ನಲ್ಲಿ. ಎರಡರದ್ದೂ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), ಹಾಗಾಗಿ ಪ್ರೊಸೆಸರ್ ಸಲೀಸಾಗಿ ಕೂರುತ್ತದೆ. ಆದರೆ ಬೋರ್ಡ್‌ನಲ್ಲಿ ಹಳೇ ಬಯಾಸ್ (ಪಿಸಿ ಶುರುವಾಗುವಾಗ ಮೊದಲು ಓಡುವ ಬೋರ್ಡ್‌ನ ಸಾಫ್ಟ್‌ವೇರ್) ಇದ್ದರೆ ಅದಕ್ಕೆ ಈ ಪ್ರೊಸೆಸರ್‌ನ ಗುರುತೇ ಸಿಗುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕುವ ಬಟನ್ ಇರುತ್ತದೆ. ನೀವು ಕೊಟ್ಟದ್ದರಲ್ಲಿ ಅದು ಇಲ್ಲ. ಹೊಸ ಪ್ರೊಸೆಸರ್‌ಗೆ ತಯಾರಿದೆ ಅಂತ ಪೆಟ್ಟಿಗೆ ಮೇಲೆ ಅಂಟಿಸುವ ಸ್ಟಿಕರ್ ಕೂಡ ಇರಲಿಲ್ಲ. ಬಯಾಸ್ ಬದಲಾಯಿಸಲು ಹಳೇ ಪ್ರೊಸೆಸರ್ ಬೇಕು, ಮೊದಲ ಪಿಸಿ ಕಟ್ಟುವವನ ಹತ್ತಿರ ಹಳೇ ಪ್ರೊಸೆಸರ್ ಎಲ್ಲಿಂದ ಬರಬೇಕು? ಪುಣ್ಯಕ್ಕೆ ಗೆಳೆಯನೊಬ್ಬನ ಹತ್ತಿರ ರೈಜನ್ 5 2600 ಇತ್ತು. ಅವನು ತನ್ನ ಪಿಸಿ ಬಿಚ್ಚಿ ಅದನ್ನು ತಂದುಕೊಟ್ಟ. ಅದನ್ನು ಹಾಕಿ ಬಯಾಸ್ ಅಪ್‌ಡೇಟ್ ಮಾಡಿ, ಮತ್ತೆ 5500 ಕೂರಿಸಿದ ಮೇಲೆ ಸ್ಕ್ರೀನ್ ಬೆಳಗಿತು. ಅವನ ಹತ್ತಿರ ಅದು ಇಲ್ಲದಿದ್ದರೆ ನಾನು ಇವತ್ತಿಗೂ ಪಿನ್ ನೋಡುತ್ತಾ ಕೂತಿರುತ್ತಿದ್ದೆ.

ನಿಮ್ಮ ಗೋದಾಮಿನಲ್ಲಿ ಯಾರಾದರೂ ಒಬ್ಬರು ಆ ಬೋರ್ಡ್‌ನ ಬಯಾಸ್ ಯಾವುದು ಅಂತ ನೋಡಿದ್ದರೆ ಸಾಕಿತ್ತು. ನಿಮ್ಮ ಹಸಿರು ಗುರುತು ನೋಡಿದ್ದು ಸಾಕೆಟ್‌ನ ಹೆಸರನ್ನು ಮಾತ್ರ. ಉಳಿದ ಭಾಗಗಳಲ್ಲೂ ಆಗಿರುವುದು ಇದೇ.

5500 ಮತ್ತು 5600ರ ವಿಷಯ ತಗೊಳ್ಳಿ. ಕೋರ್ ಲೆಕ್ಕ ಒಂದೇ, ನಿಜ. ಆದರೆ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) 32 ಎಂಬಿ, 5500ರಲ್ಲಿ 16. ಆಟಗಳಿಗೆ ಈ ಕ್ಯಾಶ್ ಮುಖ್ಯ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 5600 ಮತ್ತು ಬಿ550 ಜೊತೆಗಿದ್ದರೆ ಗ್ರಾಫಿಕ್ಸ್ ಕಾರ್ಡ್‌ಗೆ ಪಿಸಿಐಇ 4.0 ಸಿಗುತ್ತದೆ. ಪಿಸಿಐಇ ಅಂದರೆ ಕಾರ್ಡ್‌ಗೆ ಡೇಟಾ ಬಂದುಹೋಗುವ ದಾರಿ. 5500 ಕೊಡುವುದು 3.0 ಮಾತ್ರ, ಬಿ450 ಕೂಡ ಅಷ್ಟೇ. ಎಲ್ಲ ಕಾರ್ಡ್‌ಗಳಿಗೂ ಇದು ದೊಡ್ಡ ವಿಷಯವಲ್ಲ. ಆರ್‌ಟಿಎಕ್ಸ್ 4060ಕ್ಕೆ ದೊಡ್ಡದೇ. ಆ ಕಾರ್ಡ್ ಸ್ಲಾಟ್‌ನ 16 ಲೇನ್‌ಗಳಲ್ಲಿ ಬಳಸುವುದು ಎಂಟನ್ನು ಮಾತ್ರ. 4.0ರಲ್ಲಿ ಎಂಟು ಲೇನ್ ಅಂದರೆ ಸೆಕೆಂಡಿಗೆ ಸುಮಾರು 16 ಜಿಬಿ. 3.0ರಲ್ಲಿ ಅದರ ಅರ್ಧ. ಕಾರ್ಡ್‌ನ ಸ್ವಂತ ಮೆಮೊರಿ 8 ಜಿಬಿ. 1440ಪಿಯಲ್ಲಿ ಟೆಕ್ಸ್ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಏರಿಸಿದರೆ ಕೆಲವು ಹೊಸ ಆಟಗಳಲ್ಲಿ ಅದು ತುಂಬಿಹೋಗುತ್ತದೆ. ಆಗ ಉಳಿದದ್ದು ರ‍್ಯಾಮ್‌ನಿಂದ ಇದೇ ದಾರಿಯಲ್ಲಿ ಬರಬೇಕು. ದಾರಿ ಅರ್ಧ ಕಿರಿದಾದರೆ ಆಟ ತಡವರಿಸುತ್ತದೆ. ಕುದುರೆ ಮೇಲೆ ಊರೊಳಗೆ ಹೋಗುವಾಗ ನನಗೆ ಪ್ರತಿ ಸಲವೂ ಅದು ಕಾಣುತ್ತದೆ. ಆ ಪ್ರೊಸೆಸರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಈ ಕಾರ್ಡ್ ಪಕ್ಕದಲ್ಲಿ, ಈ ಮಾನಿಟರ್ ಮುಂದೆ ಅದು ಸರಿಯಾದ ಆಯ್ಕೆ ಅಲ್ಲ. ನನ್ನ ಪಟ್ಟಿಯಲ್ಲಿ ಸರಿಯಾದದ್ದೇ ಇತ್ತು. ಅದನ್ನು ತೆಗೆಸಿದ್ದು ನೀವು.

ರ‍್ಯಾಮ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದೇ ಸ್ಟಿಕ್ ಅಂದರೆ ಒಂದೇ ಚಾನೆಲ್, ಅಂದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಒಂದೇ ದಾರಿ. ಡಿಡಿಆರ್4 3200ರಲ್ಲಿ ಒಂದು ಚಾನೆಲ್‌ನ ವೇಗ ಸೆಕೆಂಡಿಗೆ 25.6 ಜಿಬಿ, ಎರಡಿದ್ದರೆ 51.2. ಎಷ್ಟು ಜಿಬಿ ಅನ್ನೋದು ಒಂದೇ ಆದರೂ ಕೆಲಸ ಒಂದೇ ಅಲ್ಲ, ಅಲ್ವಾ? ಆ ಸ್ಟಿಕ್ ಕೂಡ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡುವವರೆಗೆ 2400ರಲ್ಲೇ ಓಡುತ್ತಿತ್ತು. ಹೊಸಬರಿಗೆ ಇದನ್ನು ಒಂದು ಚೀಟಿಯಲ್ಲಾದರೂ ಬರೆದು ಕಳಿಸಬಹುದಿತ್ತು.

ಈಗ ಮಾನಿಟರ್. ನನಗೆ ಜಾಸ್ತಿ ನೋವಾಗಿರುವುದು ಇದರಿಂದಲೇ, ಯಾಕೆಂದರೆ ಒಳಗಿನ ಭಾಗಗಳು ಏನೇ ಮಾಡಲಿ, ನಾನು ದಿನಾ ನೋಡುವುದು ಇದನ್ನು.

ವಿಎ ಪ್ಯಾನೆಲ್‌ನ ಒಳ್ಳೆಯ ಗುಣ ನನಗೆ ಗೊತ್ತು. ಐಪಿಎಸ್‌ನ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000ಕ್ಕೆ 1ರ ಸುಮಾರಿಗಿದ್ದರೆ ವಿಎ 3000 ದಾಟುತ್ತದೆ. ಕಪ್ಪು ಚೆನ್ನಾಗಿ ಕಪ್ಪಾಗಿಯೇ ಕಾಣುತ್ತದೆ. ಚಿತ್ರ ನಿಂತಾಗ ನಿಜಕ್ಕೂ ಚೆಂದ. ತೊಂದರೆ ಇರುವುದು ಚಿತ್ರ ಚಲಿಸಿದಾಗ. ಅನೇಕ ವಿಎ ಪ್ಯಾನೆಲ್‌ಗಳ ಪಿಕ್ಸೆಲ್‌ಗಳು ಕಪ್ಪಿನಿಂದ ಕಡು ಬೂದು ಬಣ್ಣಕ್ಕೆ ಬರಲು ತುಂಬಾ ಹೊತ್ತು ತಗೊಳ್ಳುತ್ತವೆ. 165 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ ಇರುವುದು ಸುಮಾರು 6 ಮಿಲಿಸೆಕೆಂಡ್. ಅಷ್ಟರಲ್ಲಿ ಪಿಕ್ಸೆಲ್ ಬದಲಾಗದಿದ್ದರೆ ಹಳೇ ಚಿತ್ರದ ನೆರಳು ಹೊಸದರ ಮೇಲೆ ಉಳಿಯುತ್ತದೆ. ಆಟದಲ್ಲಿ ರಾತ್ರಿಯ ಕಾಡಿಗೆ ಹೋಗಿ ಕ್ಯಾಮೆರಾ ತಿರುಗಿಸಿದರೆ ಪ್ರತಿ ಮರದ ಹಿಂದೆಯೂ ಮಸಿ ಬಟ್ಟೆಯಲ್ಲಿ ಒರೆಸಿದ ಹಾಗೆ ಕಾಣುತ್ತದೆ. ನಾನು ಕತ್ತಲ ಕೋಣೆಯಲ್ಲಿ ಆಡುತ್ತೇನೆ, ಕತ್ತಲ ದೃಶ್ಯಗಳಿರುವ ಆಟಗಳನ್ನೇ ಆಡುತ್ತೇನೆ. ಇದನ್ನು ಮೊದಲೇ ಹೇಳಿದ್ದೆ. ನಿಮ್ಮ ಸಲಹೆಗಾರರು "ಕತ್ತಲು" ಅನ್ನುವ ಒಂದು ಪದ ಕೇಳಿ ವಿಎ ಅಂದರು. ಆಟ ಅನ್ನುವುದನ್ನು ಮರೆತರು.

ಹಾಗಾದರೆ ಆ "1 ಮಿಲಿಸೆಕೆಂಡ್" ಎಲ್ಲಿಂದ ಬಂತು? ಮಾನಿಟರ್ ಜೊತೆ ಬಂದ ಪುಸ್ತಕದಲ್ಲಿ ಅದು ಎಂಪಿಆರ್‌ಟಿ ಅಂತ ಬರೆದಿದೆ. ಅಂದರೆ ಬ್ಯಾಕ್‌ಲೈಟ್ ಮಿಟುಕಿಸಿ ಚಿತ್ರ ಚೂಪಾಗಿ ಕಾಣುವಂತೆ ಮಾಡಿ ಸಿಕ್ಕ ಅಳತೆ. ಪಿಕ್ಸೆಲ್ ಬಣ್ಣ ಬದಲಿಸುವ ವೇಗ ಬೇರೆ, ಅದಕ್ಕೆ ಜಿಟಿಜಿ ಅನ್ನುತ್ತಾರೆ. ನಿಮ್ಮ ಪುಟದಲ್ಲಿ ಎರಡರಲ್ಲಿ ಯಾವುದು ಅಂತ ಬರೆದೇ ಇಲ್ಲ. ಆ ಮಿಟುಕಿಸುವ ಮೋಡ್ ಆನ್ ಮಾಡಿದರೆ ಬೆಳಕು ಇಳಿಯುತ್ತದೆ, ಈ ಮಾನಿಟರ್‌ನಲ್ಲಿ ಅಡಾಪ್ಟಿವ್ ಸಿಂಕ್ (ಕಾರ್ಡ್ ಕೊಡುವ ಫ್ರೇಮ್‌ಗೆ ಮಾನಿಟರ್‌ನ ವೇಗ ಹೊಂದಿಸುವ ಸೌಲಭ್ಯ) ಕೂಡ ಆಫ್ ಆಗುತ್ತದೆ. ನನ್ನ ಕಾರ್ಡ್ 1440ಪಿಯಲ್ಲಿ ಕೊಡುವ ಫ್ರೇಮ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಸಿಂಕ್ ಇಲ್ಲದಿದ್ದರೆ ಚಿತ್ರ ಅಡ್ಡಕ್ಕೆ ಹರಿದ ಹಾಗೆ ಕಾಣುತ್ತದೆ. ಅಂದರೆ ನೀವು ಮಾರಿದ ಎರಡು ಗುಣಗಳಲ್ಲಿ ಒಂದನ್ನು ಮಾತ್ರ ಒಂದು ಸಲಕ್ಕೆ ಬಳಸಬಹುದು.

165 ಹರ್ಟ್ಜ್ ಕೂಡ ಮೊದಲ ವಾರ ಸಿಗಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಎಚ್‌ಡಿಎಂಐ ಕೇಬಲ್. ಅದರಲ್ಲಿ ಸೆಟ್ಟಿಂಗ್ಸ್ 144ಕ್ಕೆ ನಿಲ್ಲುತ್ತಿತ್ತು. ನಿಮ್ಮ ಸಹಾಯವಾಣಿ "ನಿಮ್ಮ ಗ್ರಾಫಿಕ್ಸ್ ಕಾರ್ಡ್ ಸಾಲಲ್ಲ, ದೊಡ್ಡದು ತಗೊಳ್ಳಿ" ಅಂತು. ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. ಈ ಮಾನಿಟರ್‌ನ ಎಚ್‌ಡಿಎಂಐ ಪೋರ್ಟ್ 1440ಪಿಯಲ್ಲಿ 144ರವರೆಗೆ ಮಾತ್ರ, 165 ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಅಂತ ಅದೇ ಪುಸ್ತಕದಲ್ಲಿ ಬರೆದಿದೆ. ಒಂದು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದೆ, 165 ಬಂತು. ನಿಮ್ಮ ಮಾತು ನಂಬಿದ್ದರೆ ಒಂದು ಕೇಬಲ್‌ನ ಜಾಗದಲ್ಲಿ ಇನ್ನೊಂದು ಕಾರ್ಡ್ ಕೊಳ್ಳುತ್ತಿದ್ದೆ.

ಎಚ್‌ಡಿಆರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇದಕ್ಕಿರುವುದು ಡಿಸ್‌ಪ್ಲೇಎಚ್‌ಡಿಆರ್ 400 ಗುರುತು. ಸ್ಕ್ರೀನ್‌ನ ಭಾಗಗಳನ್ನು ಬೇರೆಬೇರೆಯಾಗಿ ಮಂಕು ಮಾಡುವ ಸೌಲಭ್ಯ ಆ ಗುರುತಿಗೆ ಕಡ್ಡಾಯವಲ್ಲ. ಇದರಲ್ಲಿ ಅದು ಇಲ್ಲ. ಆನ್ ಮಾಡಿದರೆ ಎಲ್ಲ ಪೇಲವ. ಇನ್ನು ಗಾತ್ರ. 27 ಇಂಚಿನ 1440ಪಿಯಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್ ಇರುತ್ತವೆ, 32 ಇಂಚಿನಲ್ಲಿ 92. ಎರಡೂವರೆ ಅಡಿ ದೂರದಿಂದ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ನಾನು 850 ವ್ಯಾಟ್‌ನ ಪವರ್ ಸಪ್ಲೈ ಕೊಳ್ಳಲು ಹೊರಟಾಗ ಅದೇ ಸಲಹೆಗಾರರು ತಡೆದರು. ಕಾರ್ಡ್ 115 ವ್ಯಾಟ್, ಪ್ರೊಸೆಸರ್ 65, ಒಳ್ಳೆಯ 550 ವ್ಯಾಟ್‌ನದು ಸಾಕು ಅಂದರು. ಅದು ಸರಿಯಾದ ಸಲಹೆ. ಭಾಗಗಳ ಪ್ಯಾಕಿಂಗ್ ಕೂಡ ಅಚ್ಚುಕಟ್ಟಾಗಿತ್ತು. ನಿಮ್ಮಲ್ಲಿ ತಿಳಿದವರು ಇಲ್ಲ ಅಂತಲ್ಲ. ಅದಕ್ಕೇ ಬೇಜಾರು ಜಾಸ್ತಿ.

"ಪೆಟ್ಟಿಗೆ ತೆರೆದಿದ್ದೀರಿ" ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಬಯಾಸ್ ಕಾಣುವುದಿಲ್ಲ, ಮಸಿಯ ನೆರಳೂ ಕಾಣುವುದಿಲ್ಲ. ನಾನು ಸುಮ್ನೆ ಮನಸ್ಸು ಬದಲಾಯಿಸಿ ವಾಪಸ್ ಕೊಡುತ್ತಿಲ್ಲ. ನಿಮ್ಮದೇ ಸಲಹೆಯಿಂದ ಬಂದ ಭಾಗಗಳನ್ನು ಕೊಡುತ್ತಿದ್ದೇನೆ.

ಹಾಗಾಗಿ ನನ್ನ ಬೇಡಿಕೆ ಇದು. 5500, ಬಿ450 ಬೋರ್ಡ್, 16 ಜಿಬಿಯ ಸ್ಟಿಕ್ ಮತ್ತು 32 ಇಂಚಿನ ಮಾನಿಟರ್ ವಾಪಸ್ ತೆಗೆದುಕೊಳ್ಳಿ. ನನ್ನ ಮೊದಲ ಪಟ್ಟಿಯಲ್ಲಿದ್ದ 5600, ಬಿ550, 8 ಜಿಬಿಯ ಎರಡು ಸ್ಟಿಕ್, 27 ಇಂಚಿನ ಐಪಿಎಸ್ ಮಾನಿಟರ್ ಕಳಿಸಿ. ಆರ್ಡರ್ ಮಾಡಿದ ದಿನದ ಬೆಲೆಯಲ್ಲಿ ಲೆಕ್ಕ ಹಾಕಿ, ವ್ಯತ್ಯಾಸ ನಾನು ಕೊಡಬೇಕಾದರೆ ಕೊಡುತ್ತೇನೆ. ಸಾಗಿಸುವ ಖರ್ಚು ನಿಮ್ಮದು. ಬೋರ್ಡ್ ಕಳಿಸುವ ಮುಂಚೆ ಬಯಾಸ್ ನೋಡಿ, ಅದರ ಆವೃತ್ತಿಯನ್ನು ಪೆಟ್ಟಿಗೆ ಮೇಲೆ ಬರೆಯಿರಿ. ಪಿನ್ ಬಗ್ಗಿಸಿದ್ದೇನೆ ಅಂತ ನನ್ನ ದೂರಿನ ದಾಖಲೆಯಲ್ಲಿ ಬರೆದಿದ್ದರೆ ಅದನ್ನು ತೆಗೆದುಹಾಕಿ.

ನಿಮ್ಮ ಪುಟದಲ್ಲೂ ಎರಡು ಕಡೆ ತಿದ್ದಬೇಕು ಅಂತ ಕೇಳುತ್ತೇನೆ. ಬಯಾಸ್ ನೋಡದೆ ಹಸಿರು ಗುರುತು ಹಾಕಬೇಡಿ. ಮಾನಿಟರ್ ವಿವರದಲ್ಲಿ 1 ಮಿಲಿಸೆಕೆಂಡ್ ಯಾವ ಅಳತೆಯದು, ಯಾವ ಪೋರ್ಟ್‌ನಲ್ಲಿ ಎಷ್ಟು ಹರ್ಟ್ಜ್ ಅಂತ ಸ್ಪಷ್ಟವಾಗಿ ಬರೆಯಿರಿ. ನನ್ನ ತಮ್ಮ ಮುಂದಿನ ವರ್ಷ ತನ್ನ ಪಿಸಿ ಕಟ್ಟಬೇಕು ಅಂತ ಈಗಲೇ ಪಟ್ಟಿ ಮಾಡುತ್ತಿದ್ದಾನೆ. ಆ ಮೂರು ದಿನ ಅವನು ನನ್ನ ಪಕ್ಕದಲ್ಲೇ ಕೂತಿದ್ದ.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ, ಫೋನ್ ಮಾಡಬೇಡಿ. ಅಷ್ಟರಲ್ಲಿ ಉತ್ತರ ಬರದಿದ್ದರೆ ಇದೇ ಪತ್ರ ಮತ್ತು ದಾಖಲೆಗಳನ್ನು ಇಟ್ಟುಕೊಂಡು ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗಳ ಹತ್ತಿರ ಹೋಗುತ್ತೇನೆ. ನಾಲ್ಕೂ ಭಾಗಗಳ ಪೆಟ್ಟಿಗೆ, ಸ್ಕ್ರೂ, ಕೇಬಲ್ ಎಲ್ಲ ಜೋಪಾನವಾಗಿಟ್ಟಿದ್ದೇನೆ. ನೀವು ದಿನ ಹೇಳಿದರೆ ಪ್ಯಾಕ್ ಮಾಡಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಜೊತೆಗಿಟ್ಟಿರುವುದು: ಬಿಲ್ ಪ್ರತಿ, ಆರ್ಡರ್ ವಿವರ, ಚಾಟ್‌ನ ಪೂರ್ತಿ ಪ್ರತಿ, ನನ್ನ ಮೊದಲ ಪಟ್ಟಿ, ಪ್ರೊಸೆಸರ್ ಪಿನ್‌ಗಳ ಫೋಟೋ, ರಾತ್ರಿ ದೃಶ್ಯದ ವಿಡಿಯೋ.