ಹಾವು ಕಚ್ಚಿದ ಮೇಲಿನ ಮೊದಲ ಗಂಟೆ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದವನೇ. ಮಲೆನಾಡಿನ ಒಂದು ಮೂಲೆಯಲ್ಲಿ ಎರಡೆಕರೆ ಅಡಿಕೆ ತೋಟ ಇಟ್ಟುಕೊಂಡವನು. ರಸ್ತೆ, ಸಂಕ, ಟವರ್ ಅಂತ ನಿಮಗೆ ಬರುವ ಅರ್ಜಿಗಳೇ ಬೇಕಾದಷ್ಟಿವೆ. ಇದು ಅಷ್ಟು ದುಡ್ಡಿನ ಕೆಲಸವಲ್ಲ, ಓದಿ.

ಹೋದ ಆಷಾಢದ ಒಂದು ಸಂಜೆ ಪಕ್ಕದ ಮನೆಯ ಹುಡುಗ ಹುಲ್ಲು ಕೊಯ್ಯುತ್ತಿದ್ದಾಗ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಕೂಗು ಕೇಳಿ ಹತ್ತಿರದವರೆಲ್ಲ ಓಡಿದೆವು. ಒಬ್ಬರು ಬಾಳೆನಾರಿನಿಂದ ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದರು. ಇನ್ನೊಬ್ಬರು "ಕೆಟ್ಟ ರಕ್ತ ಹೋಗಲಿ" ಅಂತ ಕತ್ತಿಯ ತುದಿಯಲ್ಲಿ ಗಾಯ ಗೀರಿದರು. ಆಮೇಲೆ ನಾಟಿ ಮದ್ದು ಕೊಡುವವರ ಮನೆ. ಸೊಪ್ಪಿನ ರಸ ಕುಡಿಸಿದರು, ಬೇರು ತೇಯ್ದು ಹಚ್ಚಿದರು. ಒಂದೂವರೆ ಗಂಟೆ ಅಲ್ಲೇ ಹೋಯಿತು. ಗೀರಿದ ಜಾಗದ ರಕ್ತ ಮಾತ್ರ ನಿಲ್ಲಲೇ ಇಲ್ಲ. ವಸಡಿನಲ್ಲೂ ರಕ್ತ ಕಂಡಾಗ ಎಲ್ಲರಿಗೂ ಕೈಕಾಲು ತಣ್ಣಗಾಯಿತು, ಜೀಪು ಹುಡುಕಿದೆವು. ಮೊದಲು ಹೋದ ಆಸ್ಪತ್ರೆಯಲ್ಲಿ ಆ ರಾತ್ರಿ ಹಾವಿನ ಇಂಜೆಕ್ಷನ್ ಇರಲಿಲ್ಲ. ಎರಡನೆಯ ಆಸ್ಪತ್ರೆ ಮುಟ್ಟುವಾಗ ಹನ್ನೊಂದು ಗಂಟೆ. ಹುಡುಗ ಬದುಕಿದ. ಕಾಲಿನ ಎರಡು ಬೆರಳು ಹೋದವು.

ಬಾಳೆನಾರು ಕಟ್ಟಿದ್ದು ನಾನೇ. ನಾನು ಶಾಲೆಯಲ್ಲಿದ್ದಾಗ ಮೇಷ್ಟರು ಹಾಗೇ ಕಲಿಸಿದ್ದರು. ತಪ್ಪು ಅಂತ ಆಮೇಲೆ ಯಾರೂ ಬಂದು ಹೇಳಲಿಲ್ಲ.

ಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅಂಥ ಕಾಲಿಗೆ ಕತ್ತಿ ಹಾಕಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಬಿಗಿದು ಕಟ್ಟಿದರೆ ರಕ್ತವೇ ಓಡಾಡದೆ, ಮೊದಲೇ ವಿಷ ತಿಂದ ಮಾಂಸ ಇನ್ನಷ್ಟು ಕೊಳೆಯುತ್ತದೆ. ಆ ಕಟ್ಟನ್ನು ಎಲ್ಲೆಂದರಲ್ಲಿ ಬಿಚ್ಚುವುದೂ ಅಪಾಯ. ತಡೆದಿದ್ದ ವಿಷ ಒಮ್ಮೆಗೇ ಮೇಲೇರಬಹುದು. ಅದನ್ನು ಡಾಕ್ಟರ ಎದುರೇ ಬಿಚ್ಚಬೇಕು. ಇದನ್ನೆಲ್ಲ ನಾನು ಕಲಿತದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು.

ಮತ್ತೆ ಜನ ನಾಟಿ ಮದ್ದಿಗೆ ಯಾಕೆ ಹೋಗುತ್ತಾರೆ? ಅದು ಎಷ್ಟೋ ಸಲ "ಕೆಲಸ ಮಾಡಿದ್ದನ್ನು" ನೋಡಿದ್ದಾರೆ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಜಾಸ್ತಿ. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಸುಮ್ನೆ ಕಚ್ಚುತ್ತದೆ. ಅಂಥವರಿಗೆ ಸೊಪ್ಪು ಕೊಟ್ಟರೂ ಬದುಕುತ್ತಾರೆ, ಮಜ್ಜಿಗೆ ಕೊಟ್ಟರೂ ಬದುಕುತ್ತಾರೆ. ಹೆಸರು ಸೊಪ್ಪಿಗೆ ಬರುತ್ತದೆ, ಅಷ್ಟೇ. ಮದ್ದು ಕೊಡುವವರೂ ಕೆಟ್ಟವರಲ್ಲ. ನಮ್ಮೂರಿನವರು ಒಂದು ಪೈಸೆ ಮುಟ್ಟುವುದಿಲ್ಲ. ಅದಕ್ಕೇ ಅವರನ್ನು ಬೈದರೆ ಪ್ರಯೋಜನವಿಲ್ಲ, ಜೊತೆಗೆ ಕರೆದುಕೊಳ್ಳಬೇಕು. "ಮೊದಲು ಆಸ್ಪತ್ರೆಗೆ ಹೋಗು" ಅಂತ ಅವರ ಬಾಯಿಂದಲೇ ಬಂದರೆ ಊರು ಕೇಳುತ್ತದೆ.

ಮನೆಮದ್ದಿನ ಮೇಲೆ ನನಗೇನೂ ಕೋಪವಿಲ್ಲ. ಭೇದಿಯಾದಾಗ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕುಡಿಸುವುದು ಮನೆಮದ್ದೇ, ಜೀವ ಉಳಿಸುತ್ತದೆ. ಬಿಸಿನೀರು ಬಿದ್ದ ಕೈಯನ್ನು 20 ನಿಮಿಷ ತಣ್ಣೀರಿಗೆ ಹಿಡಿಯುವುದೂ ಹಾಗೇ. (ನಮ್ಮಲ್ಲಿ ಇನ್ನೂ ಟೂತ್‌ಪೇಸ್ಟ್ ಹಚ್ಚುತ್ತಾರೆ, ಆ ಕತೆ ಬೇರೆ.) ಆದರೆ ಹಾವಿನ ವಿಷಕ್ಕೆ ಅಡುಗೆಮನೆಯಲ್ಲಿ ಮದ್ದಿಲ್ಲ. ಹಿತ್ತಲಲ್ಲೂ ಇಲ್ಲ.

ಹಿತ್ತಲಲ್ಲಿ ಇರುವುದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಮೂಳೆ ಮುರಿದಾಗ ಕಟ್ಟುವಂತೆ, ಕಚ್ಚಿದ ಕಾಲಿಗೆ ಎರಡು ಕಡೆ ದಬ್ಬೆ ಇಟ್ಟು ಪಂಚೆಯಿಂದ ಸಡಿಲವಾಗಿ ಸುತ್ತಬೇಕು. ಕಾಲು ಅಲ್ಲಾಡಬಾರದು, ರಕ್ತ ಮಾತ್ರ ಓಡಾಡುತ್ತಿರಬೇಕು. ಬಾವು ಏರುವ ಮೊದಲೇ ಉಂಗುರ, ಬಳೆ, ಕಾಲುಂಗುರ ತೆಗೆಯಬೇಕು. ನಡೆಸಬಾರದು, ಎತ್ತಿಕೊಂಡೇ ಹೋಗಬೇಕು. ಜೀಪು ಬರದ ಕಡೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡರೂ ಆದೀತು. ಹಾವನ್ನು ಹೊಡೆದು ಚೀಲದಲ್ಲಿ ತರುವುದು ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಇರುವುದು ಒಂದೇ ಇಂಜೆಕ್ಷನ್. ಡಾಕ್ಟರು ನೋಡುವುದು ರೋಗಿಯ ಲಕ್ಷಣ. ನಮ್ಮ ಕಾಡಿನ ಉಬ್ಬುಮೂಗಿನ ಗುಳಿಮಂಡಲಕ್ಕೆ ಆ ಇಂಜೆಕ್ಷನ್ ನಾಟುವುದಿಲ್ಲ. ಆದರೂ ಕಿಡ್ನಿ ನೋಡಿಕೊಳ್ಳಲು ಆಸ್ಪತ್ರೆಯೇ ಬೇಕು.

ಕಟ್ಟುಹಾವಿನದ್ದು ಇನ್ನೂ ಮೋಸ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಹೆಚ್ಚು ನೋವಿಲ್ಲ, ಬಾವಿಲ್ಲ, ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಅನ್ನುತ್ತಾರೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಮನೆಯವರು ಗ್ಯಾಸ್ ಅಂತ ಜೀರಿಗೆ ಕಷಾಯ ಮಾಡುತ್ತಾ ಕೂರುತ್ತಾರೆ. ಇದನ್ನು ಪ್ರತಿ ಆಶಾ ಕಾರ್ಯಕರ್ತೆಯೂ ಮನೆಮನೆಗೆ ಹೇಳಬೇಕು ಅಲ್ವಾ?

ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ನಮ್ಮ ರಾಜ್ಯ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮರುತಿಂಗಳು ಕೇಂದ್ರ ಸರ್ಕಾರ, 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಸಂತೋಷ. ಆದರೆ ಲೆಕ್ಕ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ. ನಾವು ಸೋಲುವುದು ತೋಟದಿಂದ ಆ ಬಾಗಿಲಿನವರೆಗಿನ ದಾರಿಯಲ್ಲಿ.

ನಾನು ಮುಖ್ಯವಾಗಿ ಕೇಳುವುದು ಒಂದು ಬೋರ್ಡು. ಪ್ರತಿ ಪಂಚಾಯಿತಿ ಕಚೇರಿ, ಹಾಲಿನ ಡೈರಿ, ಸೊಸೈಟಿ ಗೋಡೆಯ ಮೇಲೆ: ಇಂಜೆಕ್ಷನ್ ಮತ್ತು ಡಾಕ್ಟರು ಇಬ್ಬರೂ ರಾತ್ರಿ ಇರುವ ಆಸ್ಪತ್ರೆ ಯಾವುದು, ಎಷ್ಟು ದೂರ, ಫೋನ್ ಯಾವುದು. ಸ್ಟಾಕ್ ಮುಗಿದ ದಿನವೇ ಅದು ಪಂಚಾಯಿತಿಗೆ ಗೊತ್ತಾಗಬೇಕು. 108ಕ್ಕೆ ಫೋನ್ ಮಾಡಲು ನಾವು ಗುಡ್ಡ ಹತ್ತಬೇಕು. ಹತ್ತಿದ ಮೇಲೂ ಎಲ್ಲಿಗೆ ಅಂತ ಗೊತ್ತಿಲ್ಲದಿದ್ದರೆ ಹೇಗೆ? ಪುಡಿ ರೂಪದ ಇಂಜೆಕ್ಷನ್‌ಗೆ ಫ್ರಿಜ್ಜೇ ಬೇಕು ಅಂತಿಲ್ಲ, ತಂಪು ಜಾಗ ಸಾಕು. ವಾರಗಟ್ಟಲೆ ಕರೆಂಟ್ ಹೋಗುವ ಊರಿಗೆ ಅದನ್ನೇ ಕಳಿಸಲು ಹೇಳಿ. ರಕ್ತ ಹೆಪ್ಪುಗಟ್ಟುತ್ತದೋ ನೋಡಲು ಒಣಗಿದ ಶುಭ್ರ ಗಾಜಿನ ಟ್ಯೂಬು ಮತ್ತು 20 ನಿಮಿಷ ಸಾಕಂತೆ. ಇದಕ್ಕೂ ಟೆಂಡರ್ ಬೇಕಾ?

ನಿಮ್ಮ ಅನುದಾನದಲ್ಲಿ ಏನಾದರೂ ಉಳಿದರೆ ಹುಲ್ಲು ಕೊಯ್ಯುವವರಿಗೆ ಗಂಬೂಟು, ಟಾರ್ಚು ಕೊಡಿಸಿ. ಆ ಹುಡುಗನ ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲಿ.

ಮಳೆ ಹಿಡಿಯುವ ಮೊದಲು ನಮ್ಮಲ್ಲಿ ಗ್ರಾಮಸಭೆ ಇದೆ. ತಾಲ್ಲೂಕಿನ ಡಾಕ್ಟರೊಬ್ಬರನ್ನು ಕರೆದುಕೊಂಡು ನೀವೂ ಬನ್ನಿ. ಭಾಷಣ ಬೇಡ, ಎಲ್ಲರ ಎದುರು ಕಾಲಿಗೆ ಒಂದು ಕಟ್ಟು ಕಟ್ಟಿ ತೋರಿಸಿದರೆ ಸಾಕು. ನಾಟಿ ಮದ್ದಿನವರನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಜವಾಬ್ದಾರಿ ನನ್ನದು. ದಬ್ಬೆಯೂ ನಾವೇ ತರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ