ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದವನ ಪತ್ರ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಹಳೆ ಮನೆಯಲ್ಲಿ ರಜೆಯ ದಿನ ನಾವೇ ಮಾಡಿಕೊಳ್ಳಬಹುದಾದ ಕೆಲಸಗಳ ಬಗ್ಗೆ ಒಂದು ಬರಹ ಬಂದಿತ್ತು. ಕಿಟಕಿಗೆ ಪೇಂಟ್, ನಲ್ಲಿಗೆ ವಾಷರ್, ಬಾಗಿಲ ತಿರುಗಣೆಗೆ ಎಣ್ಣೆ. ಎಲ್ಲ ಸರಿ. ಆದರೆ ನಡುವೆ ಒಂದು ಸಾಲು ಓದಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಮಣ್ಣಿನ ಗೋಡೆ ಉದುರುತ್ತಿದ್ದರೆ ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿ, ಪುಟ್ಟಿ ಎಳೆದು, ಪೇಂಟ್ ಹೊಡೆಯಿರಿ ಅಂತ ಅದರಲ್ಲಿತ್ತು.

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾನು ಮಾಡಿ ಅನುಭವಿಸಿದ್ದೇನೆ.

ನಮ್ಮದು ಚಿಕ್ಕಮಗಳೂರಿನ ಹಿರೇಮಗಳೂರು ಕಡೆ, ತಾತನ ಕಾಲದ ಹೆಂಚಿನ ಮನೆ. ಹಸಿ ಇಟ್ಟಿಗೆಯ ಗೋಡೆ, ಒಂದೂವರೆ ಅಡಿ ದಪ್ಪ. ಮೇಲೆ ಮಂಗಳೂರು ಹೆಂಚು. ನಡುಮನೆಯಲ್ಲಿ ಕೆಂಪು ನೆಲ. ನಾನು ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವನು. ವಾರಕ್ಕೆ ಒಂದೇ ರಜೆ, ಭಾನುವಾರ. ಆ ಭಾನುವಾರ ಸುಮ್ನೆ ಕೂರುವ ಜಾಯಮಾನ ನನ್ನದಲ್ಲ. ನಮ್ಮ ಮನೆಯವಳು ಹೇಳುವ ಪ್ರಕಾರ, ನಾನು ಸುಮ್ನೆ ಕೂತಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು.

2017ರ ಬೇಸಿಗೆಯಲ್ಲಿ ನಡುಮನೆಯ ಪಶ್ಚಿಮದ ಗೋಡೆ ಕೈ ತಾಗಿದರೆ ಪುಡಿ ಉದುರಿಸಲು ಶುರು ಮಾಡಿತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಒಡೆದು ಹಾಕಿ ಆರ್‌ಸಿಸಿ ಕಟ್ಟಿಸಿ, ಇಲ್ಲದಿದ್ದರೆ ಸಿಮೆಂಟ್ ಬಳಿಸಿ. ಒಡೆಯಲು ಮನಸ್ಸು ಬರಲಿಲ್ಲ, ದುಡ್ಡೂ ಇರಲಿಲ್ಲ. ಕರಣೆ, ಬಾಂಡ್ಲಿ ಕೊಂಡು ತಂದೆ. ಆರು ಭಾನುವಾರ ಕೂತು ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿದೆ. ಮೊದಲ ಸಲ ಕರಣೆ ಹಿಡಿದವನ ಕೆಲಸ ನೋಡಿ ಪಕ್ಕದ ಮನೆಯವರು ಮೆಚ್ಚಿದರು. ನಾನೂ ಮೆಚ್ಚಿಕೊಂಡೆ. ಗೋಡೆ ಬೆರಳಲ್ಲಿ ಬಡಿದರೆ ಕಲ್ಲಿನ ಹಾಗೆ ಸದ್ದು ಮಾಡುತ್ತಿತ್ತು.

2018ರ ಮಳೆಗಾಲದಲ್ಲಿ ನೆಲದಿಂದ ಎರಡು ಅಡಿ ಮೇಲಿನವರೆಗೂ ಪೇಂಟ್ ಗುಳ್ಳೆ ಎದ್ದಿತು. ಕೆರೆದೆ, ಮತ್ತೆ ಬಳಿದೆ. ಗುಳ್ಳೆ ಒಡೆದ ಕಡೆ ಬಿಳಿ ಉಪ್ಪು ಹತ್ತಿಯ ಹಾಗೆ ಮೂಡಿತ್ತು. ವಾಟರ್‌ಪ್ರೂಫ್ ಪೇಂಟ್ ಹೊಡೆಯಿರಿ ಎಂದರು, ಅದನ್ನೂ ಹೊಡೆದೆ.

2019ರ ಆಗಸ್ಟ್ ಮಳೆಯ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮೂಡಿಗೆರೆ ಕಡೆ ಗುಡ್ಡಗಳೇ ಜಾರಿದ್ದವು. ನಮ್ಮಲ್ಲಿ ಜಾರಿದ್ದು ಗೋಡೆಯ ಗಿಲಾವು. ರಾತ್ರಿ ಎರಡು ಗಂಟೆಗೆ ಅಕ್ಕಿಮೂಟೆ ಬಿದ್ದ ಸದ್ದು. ಎದ್ದು ಲೈಟ್ ಹಾಕಿದರೆ, ಬಾಗಿಲಿನಷ್ಟು ದೊಡ್ಡ ಸಿಮೆಂಟ್ ಚಪ್ಪಡಿ ಒಡೆಯದೆ ಇಡಿಯಾಗಿ ಕೆಂಪು ನೆಲದ ಮೇಲೆ ಬೋರಲು ಬಿದ್ದಿದೆ. ಅದರ ಬೆನ್ನಿಗೆ ಎರಡು ಬೆರಳು ದಪ್ಪ ಮಣ್ಣು ಅಂಟಿಕೊಂಡು ಬಂದಿದೆ. ಗೋಡೆಯಲ್ಲಿ ಉಳಿದ ಮಣ್ಣಿಗೆ ಹೆಬ್ಬೆರಳು ಒತ್ತಿದೆ. ಬಿಸಿ ಮುದ್ದೆಗೆ ಒತ್ತಿದ ಹಾಗೆ ಒಳಗೆ ಹೋಯಿತು.

ಬೆಳಿಗ್ಗೆ ಕೆಲಸಕ್ಕೆ ಹೋದಾಗ ನನ್ನ ದಡ್ಡತನ ನನಗೇ ಕಂಡಿತು. ನಮ್ಮಲ್ಲಿಗೆ ಕಾಫಿ ಬಂದರೆ ಮೊದಲು ನೋಡುವುದೇ ತೇವ. ಶೇ 10ರಿಂದ 11ರ ಆಸುಪಾಸಿಗೆ ಒಣಗಿರಬೇಕು. ಆಮೇಲೂ ಅದನ್ನು ಇಡುವುದು ಗೋಣಿಚೀಲದಲ್ಲಿ. ಸರಿಯಾಗಿ ಒಣಗದ ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟರೆ ಮುಗ್ಗಲು ಹಿಡಿಯುತ್ತದೆ, ಆ ಕಾಫಿಯನ್ನು ಯಾರೂ ಮೂಸಿ ನೋಡುವುದಿಲ್ಲ. ಇಪ್ಪತ್ತು ವರ್ಷದಿಂದ ಇದನ್ನು ಕಣ್ಣಾರೆ ನೋಡುತ್ತಿರುವ ನಾನು, ಮನೆಗೆ ಹೋಗಿ ಒದ್ದೆ ಗೋಡೆಯನ್ನು ಎರಡೂ ಕಡೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದೆ. ಸಿಮೆಂಟಿಗೆ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಅದರಿಂದ ನೀರು ಒಳಗೆ ಹೋಗುತ್ತದೆ, ನೆಲದಿಂದಲೂ ಏರುತ್ತದೆ. ಹೊರಗೆ ಬರಲು ದಾರಿ ಇಲ್ಲ. ಮಣ್ಣು ಒಳಗೊಳಗೇ ಕರಗುತ್ತದೆ, ಮೇಲೆ ನೋಡಿದರೆ ಗೋಡೆ ಕಲ್ಲಿನ ಹಾಗೆ ಕಾಣುತ್ತಿರುತ್ತದೆ.

ಮಣ್ಣಿನ ಗೋಡೆಗೆ ಬೇಕಾದದ್ದು ತೇವವನ್ನು ಹೊರಗೆ ಬಿಡುವ ಸುಣ್ಣದ ಗಾರೆ. ಅದು ಗೊತ್ತಿರುವವರನ್ನು ಹುಡುಕಲು ನನಗೆ ಕೆಲವು ತಿಂಗಳು ಹಿಡಿಯಿತು. ಕೊನೆಗೆ ಕಡೂರು ಕಡೆಯ ಒಬ್ಬ ಅಜ್ಜ ಸಿಕ್ಕರು. ಮಂಡಿ ನೋವು, ಏಣಿ ಹತ್ತಲಾರರು. ಜಗುಲಿ ಮೇಲೆ ಕೂತು ಹೇಳಿಕೊಡುತ್ತೇನೆ, ಕೆಲಸ ನೀವೇ ಮಾಡಿಕೊಳ್ಳಿ ಅಂದರು. ಮೊದಲ ದಿನ ಗೋಡೆಗೆ ಅಂಗೈ ಇಟ್ಟು, ಮಣ್ಣು ತೆಗೆದು ಮೂಸಿ, "ಸುಣ್ಣ ಆಮ್ಯಾಕೆ ಸ್ವಾಮಿ. ನೀರು ಎಲ್ಲಿಂದ ಬರ್ತೈತೆ, ಅದು ನೋಡಿ ಮೊದ್ಲು" ಎಂದರು. ಒಂದು ಲೋಟ ಕಾಫಿ ಕುಡಿದು ಹೊರಟೇ ಹೋದರು. ನಾನು ಒಂದು ತಿಂಗಳು ನೀರು ಹುಡುಕಿದೆ.

ನೀರು ಬರುವ ಒಂದು ದಾರಿ ಹೆಂಚಿನ ಮಾಡಿನಲ್ಲಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಕಿಟಕಿ ಮುಚ್ಚಿ, ಲೈಟ್ ಆರಿಸಿ, ಅಟ್ಟದ ಮೇಲೆ ನಿಂತು ತಲೆ ಎತ್ತಿದರೆ ಬಿರುಕು ಬಿಟ್ಟ, ಜಾರಿದ ಹೆಂಚು ಚುಕ್ಕಿ ಚುಕ್ಕಿಯಾಗಿ ಬೆಳಕು ತೋರಿಸುತ್ತವೆ. ಅಲ್ಲಲ್ಲೇ ರೀಪಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹದಿನೇಳು ಸಿಕ್ಕವು. ಅರ್ಧದಷ್ಟು ಕೋತಿಗಳ ಕೃಪೆ. ಒಂದೆರಡು ಹೆಂಚು ಬದಲಿಸಲು ಮಾಡಿನ ಮೇಲೆ ಹತ್ತಬೇಕಾಗಿಲ್ಲ. ಒಳಗಿನಿಂದಲೇ ಮೇಲಿನ ಹೆಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಎಳೆದು, ಹೊಸದನ್ನು ತೂರಿಸಬಹುದು. ಪಾಚಿ ಹಿಡಿದ ಹೆಂಚಿನ ಮೇಲೆ ಮಳೆಗಾಲದಲ್ಲಿ ಕಾಲಿಡುವವನಿಗೆ ಬುದ್ಧಿ ಇಲ್ಲ ಅಂತಲೇ ಅರ್ಥ.

ಹೆಂಚು ಕೊಳ್ಳುವಾಗ ಹಳೆಯದೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಂಗಳೂರು ಹೆಂಚು ಅಂದರೆ ಒಂದೇ ಅಳತೆ ಅಂತ ನಾನೂ ತಿಳಿದಿದ್ದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಬ್ಬರ ಹೆಂಚಿನ ಅಂಚಿನ ತೋಡಿಗೆ ಇನ್ನೊಬ್ಬರದ್ದು ಸರಿಯಾಗಿ ಕೂರುವುದಿಲ್ಲ, ಕೂದಲಷ್ಟು ಸಂದಿ ಬಿಟ್ಟರೂ ಗಾಳಿಮಳೆಯಲ್ಲಿ ನೀರು ಬರುತ್ತದೆ. ಹೆಂಚನ್ನು ತಿರುಗಿಸಿ ಅಚ್ಚಿನ ಹೆಸರು ನೋಡಿ ತೆಗೆದುಕೊಳ್ಳಬೇಕು. ಹಳೆ ಮನೆ ಒಡೆದ ಸಾಮಾನು ಮಾರುವವರ ಹತ್ತಿರ ಒಂದಿಡೀ ಬೆಳಿಗ್ಗೆ ಹೆಂಚು ಮಗುಚಿ ಕೂತಿದ್ದೆ. ಅಂಗಡಿಯವನಿಗೆ ನನ್ನ ಬಗ್ಗೆ ಅನುಮಾನವೇ ಬಂದಿತ್ತು.

ಇನ್ನೊಂದು ದಾರಿ ಅಂಗಳದಲ್ಲಿ. ಕೆಲವು ವರ್ಷದ ಹಿಂದೆ ಚಂದಕ್ಕೆ ಅಂತ ಗೋಡೆಗೆ ತಾಗುವ ಹಾಗೆ ಇಂಟರ್‌ಲಾಕ್ ಸಿಮೆಂಟ್ ಬಿಲ್ಲೆ ಹಾಕಿಸಿದ್ದೆವು. ಅಂಗಳ ಅರ್ಧ ಅಡಿ ಮೇಲೆ ಬಂದಿತ್ತು. ಸೂರಿನಿಂದ ಬಿದ್ದ ನೀರು ಹಾರಿ ಗೋಡೆಗೆ ಬಡಿಯುತ್ತಿತ್ತು, ನಿಂತ ನೀರು ಬುಡಕ್ಕೆ ಇಳಿಯುತ್ತಿತ್ತು. ಗೋಡೆಯುದ್ದಕ್ಕೂ ಎರಡು ಅಡಿ ಅಗಲ ಇಂಟರ್‌ಲಾಕ್ ಕಿತ್ತು, ತಗ್ಗು ತೆಗೆದು, ಜಲ್ಲಿ ತುಂಬಿ, ನೀರು ಚರಂಡಿಗೆ ಹೋಗುವ ಹಾಗೆ ಇಳಿಜಾರು ಕೊಟ್ಟೆ. ದುಡ್ಡು ಕೊಟ್ಟು ಹಾಕಿಸಿದ್ದನ್ನು ಕೈಯಾರೆ ಕೀಳುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಉಳಿದ ಸಿಮೆಂಟ್ ಎಲ್ಲ ಕೆತ್ತಿದೆ. ಕೆತ್ತುವಾಗ ಒಂದು ಕಡೆ ಮರದ ಪಟ್ಟಿಯ ಹಿಂದೆ ತಾತನ ಕಾಲದ ವೈರು ಸಿಕ್ಕಿತು, ಮೇಲಿನ ರಬ್ಬರ್ ಪುಡಿಪುಡಿ. ಅಲ್ಲಿಗೆ ನಿಲ್ಲಿಸಿದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದೆ. ಕರೆಂಟಿನ ಕೆಲಸ ಭಾನುವಾರದ ಹವ್ಯಾಸ ಅಲ್ಲ.

ಒಂದು ತಿಂಗಳಾದ ಮೇಲೆ ಅಜ್ಜ ಮತ್ತೆ ಬಂದು ಗೋಡೆ ಮುಟ್ಟಿ ನೋಡಿ, ಈಗ ಸುಣ್ಣ ತನ್ನಿ ಎಂದರು. 2020ರ ಮಾರ್ಚ್ 15, ಭಾನುವಾರ. ಹಿತ್ತಿಲಲ್ಲಿ ಕಬ್ಬಿಣದ ಡ್ರಮ್ಮಿಗೆ ನೀರು ತುಂಬಿಸಿ, ಸುಟ್ಟ ಸುಣ್ಣದ ಕಲ್ಲನ್ನು ಒಂದೊಂದಾಗಿ ಬಿಟ್ಟೆವು. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರು ಸುರಿಯಬಾರದು. ಪ್ಲಾಸ್ಟಿಕ್ ಡ್ರಮ್ ಅಂತೂ ಬೇಡವೇ ಬೇಡ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಲ್ಲು ಚಿಟಿಚಿಟಿ ಅಂದಿತು, ಬಿರಿಯಿತು, ಅರಳಿತು. ಐದು ನಿಮಿಷದಲ್ಲಿ ಡ್ರಮ್ಮು ಬಚ್ಚಲ ಹಂಡೆಗಿಂತ ಜೋರಾಗಿ ಕುದಿಯುತ್ತಿತ್ತು, ಕೆಳಗೆ ಒಂದು ಕಡ್ಡಿ ಬೆಂಕಿ ಇಲ್ಲದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಇದರ ಹತ್ತಿರ ಹೋಗಬೇಡಿ. ಒಂದು ಹನಿ ಕಣ್ಣಿಗೆ ಹಾರಿದರೂ ಗ್ರಹಚಾರ. ಹಾರಿದರೆ ತಣ್ಣೀರಿನಲ್ಲಿ ತೊಳೆಯುತ್ತಲೇ ಇದ್ದು, ಆಸ್ಪತ್ರೆಗೆ ಓಡಿ.

ಹತ್ತು ದಿನ ನೆನೆಯಲಿ, ಆಮೇಲೆ ಶುರು ಮಾಡೋಣ ಎಂದಿದ್ದರು ಅಜ್ಜ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮರಳು ಇಲ್ಲ, ಅಜ್ಜ ಇಲ್ಲ. ಡ್ರಮ್ಮಿನಲ್ಲಿ ಸುಣ್ಣ ಮುಳುಗುವಷ್ಟು ನೀರು ನಿಲ್ಲಿಸಿ, ಹಲಗೆ ಮುಚ್ಚಿ ಬಿಟ್ಟೆ. ಹಾಳಾಯಿತು ಅಂದುಕೊಂಡು ಫೋನ್ ಮಾಡಿದರೆ ಅಜ್ಜ ನಕ್ಕರು. ನೀರೊಳಗಿದ್ದಷ್ಟೂ ಸುಣ್ಣ ಹದ ಬರುತ್ತದಂತೆ. ಮೇ ತಿಂಗಳಲ್ಲಿ ಹಲಗೆ ತೆಗೆದರೆ ಗಟ್ಟಿ ಮೊಸರಿನ ಹಾಗೆ ಕೂತಿತ್ತು. ಕರಣೆಯಲ್ಲಿ ಎತ್ತಿದರೆ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಒಂದು ಬಾಂಡ್ಲಿ ಸುಣ್ಣಕ್ಕೆ ಮೂರು ಬಾಂಡ್ಲಿ ಜರಡಿ ಹಿಡಿದ ಮರಳು. ನೀರು ಜಾಸ್ತಿ ಹಾಕುವ ಆಸೆ ಆಗುತ್ತದೆ, ಹಾಕಬಾರದು. ಕಾಲಲ್ಲಿ ತುಳಿಯುವಷ್ಟು ಗಟ್ಟಿ ಇರಲಿ. (ಬೂಟು ಹಾಕಿಕೊಂಡು ತುಳಿಯಿರಿ.) ಗೋಡೆಗೆ ನೀರು ಚಿಮುಕಿಸಿ, ಅರ್ಧ ಅಂಗುಲಕ್ಕಿಂತ ದಪ್ಪ ಆಗದ ಹಾಗೆ ಒಂದು ಪದರ ಒತ್ತಿ, ಅದು ಬಿಗಿದ ಮೇಲೆ ಇನ್ನೊಂದು ತೆಳು ಪದರ. ಸಿಮೆಂಟಿನ ಅವಸರ ಇಲ್ಲಿ ನಡೆಯುವುದಿಲ್ಲ. ಬಿಸಿಲು, ಗಾಳಿ ತಾಗಿ ಬೇಗ ಒಣಗಿದರೆ ಸೀಳುತ್ತದೆ. ನಾನು ಕ್ಯೂರಿಂಗ್‌ನಿಂದ ಹರಿದ ಗೋಣಿಚೀಲ ಕೇಳಿ ತಂದು, ನೆನೆಸಿ ಗೋಡೆಗೆ ಇಳಿಬಿಟ್ಟಿದ್ದೆ. ಹತ್ತು ದಿನ ನಡುಮನೆಯೆಲ್ಲ ಒದ್ದೆ ಗೋಣಿ ವಾಸನೆ. ಮನೆಯವಳು ಅಡುಗೆಮನೆಯಿಂದ ಈಚೆ ಬರಲಿಲ್ಲ.

ಇದು ಗಟ್ಟಿ ಆಗುವುದಾದರೂ ಹೇಗೆ ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಪಿಯುಸಿ ಓದುತ್ತಿದ್ದ ಮಗಳು ಹೇಳಿದಳು. "ಸುಣ್ಣದ ತಿಳಿನೀರಿಗೆ ಕೊಳವೆಯಲ್ಲಿ ಊದಿದರೆ ಬೆಳ್ಳಗಾಗುತ್ತಲ್ವಾ ಅಪ್ಪಾ, ಅದೇ ಇದು. ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ತಿರುಗಿ ಸುಣ್ಣದ ಕಲ್ಲೇ ಆಗುತ್ತೆ." ಅದಕ್ಕೇ ತಿಂಗಳುಗಟ್ಟಲೆ ಹಿಡಿಯುವುದು. ಆದ್ದರಿಂದಲೇ ಆ ವರ್ಷ ಒಳಗೋಡೆ ಮಾತ್ರ ಮುಗಿಸಿ, ಹೊರಗೋಡೆಗೆ ಮಳೆ ಬಡಿಯದ ಹಾಗೆ ಟಾರ್ಪಾಲು ಇಳಿಬಿಟ್ಟು, ಮುಂದಿನ ಜನವರಿಯಲ್ಲಿ ಅದನ್ನು ಕೈಗೆತ್ತಿಕೊಂಡೆ.

ಆಮೇಲೆ ಐದು ಮಳೆಗಾಲ ಕಳೆದಿವೆ. ಜುಲೈನಲ್ಲಿ ಗೋಡೆ ಮುಟ್ಟಿದರೆ ತಣ್ಣಗೆ, ಸ್ವಲ್ಪ ತೇವ ಅನ್ನಿಸುತ್ತದೆ. ಸೆಪ್ಟೆಂಬರ್ ಬಿಸಿಲು ಬಿದ್ದ ಮೇಲೆ ತಾನೇ ಒಣಗುತ್ತದೆ. ಬಚ್ಚಲುಮನೆ ಪಕ್ಕದ ಮೂಲೆಯಲ್ಲಿ ಮಾತ್ರ ಒಂದು ಮೊರದಷ್ಟು ಉದುರಿದೆ. ಅದು ಸುಣ್ಣದ ತಪ್ಪಲ್ಲ. ಪೈಪಿನ ಜಾಯಿಂಟು ಸೋರುತ್ತಿತ್ತು, ನಾನು ನೋಡಿಕೊಂಡಿರಲಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ಮುಂಚೆ ಸುಣ್ಣ ಹೊಡೆಯುತ್ತೇನೆ, ಒಂದು ಚೂರು ನೀಲಿ ಬೆರೆಸಿ. ಬೆನ್ನು ಒರಗಿಸಿದರೆ ಅಂಗಿಗೆ ಅಂಟುತ್ತದೆ ಅನ್ನುವುದು ನಿಜ. ನಮ್ಮ ಮನೆಗೆ ಬಂದು ಹೋದ ನೆಂಟರನ್ನು ಬೆನ್ನು ನೋಡಿಯೇ ಗುರುತಿಸಬಹುದು.

ನನ್ನ ಕೋರಿಕೆ ಎರಡೇ. ನಿಮ್ಮ ಪುರವಣಿಯಲ್ಲಿ ಇನ್ನೊಮ್ಮೆ ಹಳೆ ಮನೆಯ ಬಗ್ಗೆ ಬರೆಸುವಾಗ, ಇಟ್ಟಿಗೆ-ಸಿಮೆಂಟಿನ ಮನೆ ಬೇರೆ, ಮಣ್ಣಿನ ಮನೆ ಬೇರೆ ಅಂತ ಒಂದು ಮಾತು ಸೇರಿಸಿ. ಮಲೆನಾಡಿನಲ್ಲಿ ಇನ್ನೂ ಎಷ್ಟೋ ಮನೆ ಮಣ್ಣಿನವೇ. ಜೊತೆಗೆ, ಕಡಿಮೆ ಖರ್ಚಿನಲ್ಲಿ ಕಟ್ಟುವ ಕೆಲಸದ ನಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರದವರೋ ಐಟಿಐನವರೋ ಮನಸ್ಸು ಮಾಡಿ, ಬೇಸಿಗೆಯಲ್ಲಿ ಒಂದೆರಡು ಭಾನುವಾರ ಸುಣ್ಣದ ಗಾರೆ, ಹೆಂಚು ಬದಲಿಸುವುದು ಇವನ್ನು ಜನರಿಗೆ ಕೈಯಾರೆ ಮಾಡಿಸಿ ತೋರಿಸಲಿ. ಕಲಿಸುವ ಅಜ್ಜಂದಿರು ಇನ್ನೂ ಒಬ್ಬಿಬ್ಬರು ಇದ್ದಾರೆ. ಜಗುಲಿ ಮೇಲೆ ಒಂದು ಕುರ್ಚಿ ಹಾಕಿ, ಕಾಫಿ ಕೊಟ್ಟರೆ ಸಾಕು.

ಅಲ್ಲಿಯವರೆಗೆ, ನನ್ನ ಹಿತ್ತಿಲ ಡ್ರಮ್ಮಿನಲ್ಲಿ ನೆನೆದ ಸುಣ್ಣ ಅರ್ಧದಷ್ಟು ಉಳಿದಿದೆ. ವಿಳಾಸ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಹತ್ತಿರದವರು ಯಾರಿಗಾದರೂ ಒಂದು ಗೋಡೆ ಮಾಡಿ ನೋಡುವ ಮನಸ್ಸಿದ್ದರೆ ಭಾನುವಾರ ಬೆಳಿಗ್ಗೆ ಬರಲಿ. ಬಕೆಟ್ ಅವರೇ ತರಬೇಕು. ಹೋದ ಸಲ ಕೊಟ್ಟ ಎರಡು ಇನ್ನೂ ವಾಪಸ್ ಬಂದಿಲ್ಲ.

ಇಂತಿ,
ಒಬ್ಬ ಓದುಗ
ಹಿರೇಮಗಳೂರು, ಚಿಕ್ಕಮಗಳೂರು