ಶನಿವಾರ ಸಂಜೆ ಮಿಂಚುಹುಳು ನೋಡಲು ಬರುವವರಿಗೆ

ಎಲ್ಲರಿಗೂ ನಮಸ್ಕಾರ.

ಮಳೆ ಶುರುವಾಗಿ ಕೆರೆಯಂಚಿನ ಅಡಿಕೆ ತೋಟದಲ್ಲಿ ಮಿಂಚುಹುಳುಗಳು ಎದ್ದಿವೆ! ಈ ಶನಿವಾರ ಸಂಜೆ 7.15ಕ್ಕೆ ಕೆರೆ ಏರಿಯ ಅರಳಿಕಟ್ಟೆಯ ಬಳಿ ಸೇರೋಣ. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು.

ಬೆಳಕಿನ ವಿಷಯದಲ್ಲಿ ಮಾತ್ರ ದಯವಿಟ್ಟು ಕಟ್ಟುನಿಟ್ಟಾಗಿರಿ. ಆ ಮಿನುಗು ಗಂಡು ಹೆಣ್ಣುಗಳು ಒಂದನ್ನೊಂದು ಕರೆಯುವ ರೀತಿ. ನಮ್ಮ ಬೆಳಕು ಬಿದ್ದರೆ ಆ ಕರೆ ಅವಕ್ಕೆ ಕಾಣುವುದಿಲ್ಲ. ಟಾರ್ಚಿಗೆ ಕೆಂಪು ಪಾರದರ್ಶಕ ಹಾಳೆ ಸುತ್ತಿ ತನ್ನಿ, ನೆಲಕ್ಕಷ್ಟೇ ಹಿಡಿಯಿರಿ. ಮೊಬೈಲಿನ ಫ್ಲ್ಯಾಷ್ ಬೇಡ. ಸೊಳ್ಳೆಗೆ ಸ್ಪ್ರೇ ಬದಲು ತುಂಬುತೋಳಿನ ಬಟ್ಟೆ ಹಾಕಿಕೊಳ್ಳಿ. ಹಾವು ಓಡಾಡುವ ಜಾಗ, ಬೂಟು ಕಡ್ಡಾಯ.

ಹುಳುಗಳನ್ನು ಬಾಟಲಿಗೆ ತುಂಬುವುದು ಬೇಡ. ಎಲೆಯ ಮೇಲೆ ಕುಳಿತದ್ದನ್ನು ಬಗ್ಗಿ ನೋಡಿ: ಹೊಟ್ಟೆಯ ತುದಿಯಲ್ಲಿರುವ ನಸುಬಿಳಿ ಪಟ್ಟಿಯೇ ದೀಪ. ಅಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಕೂಡಿ ಬೆಳಕು ಹುಟ್ಟುತ್ತದೆ, ಬಿಸಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಮರಿಹುಳುಗಳೂ ಬೆಳಗುತ್ತವೆ. ಅವು ಬಸವನಹುಳುಗಳನ್ನು ಬೇಟೆಯಾಡುತ್ತವೆ! ತೇವದ ತರಗೆಲೆಗಳ ನಡುವೆ ಮಂದ ಬೆಳಕು ಕಂಡರೆ ಎಲ್ಲರನ್ನೂ ಮೆಲ್ಲಗೆ ಕರೆಯಿರಿ.

ಬರುವವರು ಎಷ್ಟು ಜನ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ಜೋರು ಮಳೆಯಾದರೆ ಭಾನುವಾರಕ್ಕೆ ಮುಂದೂಡುತ್ತೇವೆ. ಶನಿವಾರ 5 ಗಂಟೆಗೆ ಈ ಗುಂಪಿನಲ್ಲಿ ಸಂದೇಶ ನೋಡಿ.